ಮಣ್ಣಿಲ್ಲದ ತೋಟಕ್ಕೆ ಇಬ್ಬರು ಯಜಮಾನಿಯರು

ಹಾವ್ನೊಯ್ ದ್ವೀಪದ ಶಾಲೆ
ಸೆಪ್ಟೆಂಬರ್ 2

ಪ್ರಿಯ ಗುನ್‌ವೋರ್ ಅವರಿಗೆ,

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಈ ಒಂದು ವರ್ಷದ ಮಟ್ಟಿಗೆ ನಿಮ್ಮ ಜಾಗಕ್ಕೆ ಬಂದಿರುವ ಮೈಕೆನ್ ನಾನು. ನಿಮ್ಮ ಮಗಳಿಗೆ ಅವಳಿ ಮಕ್ಕಳಾದವಂತೆ, ಅಳಿಯ ಸಮುದ್ರದ ಎಣ್ಣೆ ಬಾವಿಯಲ್ಲಿ ಕೆಲಸಕ್ಕಿರುವುದರಿಂದ ನೀವು ರಜೆ ಹಾಕಿ ಬರ್ಗನ್‌ಗೆ ಹೋದಿರಂತೆ. ಅಭಿನಂದನೆಗಳು. ಫೋನ್ ಹೊಡೆದರೆ ಕೂಸುಗಳು ಏಳುತ್ತವೆ, ಏನಿದ್ದರೂ ಕಾಗದ ಬರೆಯಲಿ ಎಂದು ಹೇಳಿ ಹೋಗಿದ್ದೀರಿ ಎಂದು ಮುಖ್ಯೋಪಾಧ್ಯಾಯರು ತಿಳಿಸಿದರು. ಹಾಗಾಗಿ ಬರೆಯುತ್ತಿದ್ದೇನೆ.

ಪಾಠದ ವಿಷಯದಲ್ಲಿ ನನಗೆ ಭಯವಿಲ್ಲ. ಭಯವಿರುವುದು ನಿಮ್ಮ ತೋಟದ ಕೋಣೆಯ ಬಗ್ಗೆ. ಮಣ್ಣೇ ಇಲ್ಲದೆ ನೀರಿನಲ್ಲಿ ಸೊಪ್ಪು ಬೆಳೆಯುವುದನ್ನು ಪುಸ್ತಕದಲ್ಲಿ ಓದಿದ್ದೇನೆ, ಅಷ್ಟೆ. ಮೊನ್ನೆ ಬಾಗಿಲು ತೆರೆದಾಗ ಹನ್ನೊಂದು ಮಕ್ಕಳೂ ನನ್ನ ಹಿಂದೆ ನಿಂತು ನಾನು ಏನು ಮುಟ್ಟುತ್ತೇನೆಂದು ಕಾಯುತ್ತಿದ್ದರು. ನಾನು ಏನನ್ನೂ ಮುಟ್ಟಲಿಲ್ಲ. ಎಲ್ಲಿಂದ ಶುರು ಮಾಡಲಿ, ದಯವಿಟ್ಟು ತಿಳಿಸಿ.

ನಿಮ್ಮ
ಮೈಕೆನ್


ಬರ್ಗನ್
ಸೆಪ್ಟೆಂಬರ್ 11

ಪ್ರಿಯ ಮೈಕೆನ್,

ಮುಟ್ಟದೆ ಇದ್ದದ್ದು ಒಳ್ಳೆಯದಾಯಿತು.

ಆ ಕೋಣೆ ಐದು ವರ್ಷದ ಹಿಂದೆ ಮಕ್ಕಳ ಒದ್ದೆ ಬೂಟು ಒಣಗಿಸುವ ಕೋಣೆಯಾಗಿತ್ತು. ಕಾಲುಚೀಲದ ವಾಸನೆ ಹೋಗಲಿಕ್ಕೇ ಒಂದು ಚಳಿಗಾಲ ಬೇಕಾಯಿತು. ನೀರು ಹರಿಯುವ ಆ ಉದ್ದನೆಯ ದೋಣಿಗಳು ಸೂರಿನ ಮಳೆನೀರು ಹಿಡಿಯುವಂಥವು, ನಮ್ಮ ದನದ ಕೊಟ್ಟಿಗೆಯಿಂದ ಕಳಚಿ ತಂದದ್ದು. ಕೆಳಗಿನ ತೊಟ್ಟಿಗಳು ಮೀನಿನ ಕಾರ್ಖಾನೆಯವರು ಎಸೆದದ್ದು. ಗಿಡ ಕೂರಿಸುವ ಒಂದೊಂದು ತೂತನ್ನೂ ಮಕ್ಕಳೇ ಕೊರೆದಿದ್ದಾರೆ, ನಾನು ಪಕ್ಕದಲ್ಲಿ ನಿಂತು ಅವರ ಬೆರಳು ಎಣಿಸಿಕೊಳ್ಳುತ್ತಿದ್ದೆ. ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ಅದು ಅಂಗಡಿಯಿಂದ ಡಬ್ಬಿಯಲ್ಲಿ ಬಂದದ್ದಲ್ಲ.

ಈಗ ಕೆಲಸ. ಬೀಜವನ್ನು ಒದ್ದೆ ಸ್ಪಂಜಿನ ತುಂಡಿನಲ್ಲಿ ಇಡಿ, ಬೇರು ಕೆಳಗೆ ಇಣುಕಿದ ಮೇಲೆ ತೂತಿಗೆ ಕೂರಿಸಿ. ಪಂಪು ಹಗಲೆಲ್ಲ ಓಡಲಿ. ದ್ವೀಪದ ನಲ್ಲಿ ನೀರು ಬೇಡ, ಅದರಲ್ಲಿ ಸುಣ್ಣ ಜಾಸ್ತಿ. ಶಾಲೆಯ ಛಾವಣಿಯ ಮಳೆನೀರು ಕೊಳವೆಯಲ್ಲಿ ಇಳಿದು ಹಿಂದಿನ ದೊಡ್ಡ ಟ್ಯಾಂಕಿಗೆ ಬರುತ್ತದೆ, ಅದನ್ನೇ ಬಳಸಿ. ಪೆನ್ನಿನಂಥ ಮೀಟರ್ ಒಂದಿದೆ. ನೀರಿಗೆ ಗೊಬ್ಬರ ಎಷ್ಟು ಸೇರಿದೆ ಎಂದು ಅದು ಅಂಕಿಯಲ್ಲಿ ತೋರಿಸುತ್ತದೆ. ಒಂದೂವರೆ ದಾಟಬಾರದು. ಗೊಬ್ಬರ ಅಳೆಯುವ ಕೆಲಸವನ್ನು ಟಿರಿಲ್‌ಗೆ ಕೊಡಿ. ಹನ್ನೊಂದು ವರ್ಷದ ಹುಡುಗಿ, ಮಾತು ಕಡಿಮೆ, ಆದರೆ ಒಂದು ಹನಿ ಆಚೀಚೆ ಆದರೆ ಮತ್ತೆ ಮೊದಲಿಂದ ಅಳೆಯುತ್ತಾಳೆ.

ಚಳಿಗಾಲಕ್ಕೆ ನೀರಿನ ವಿಷಯದಲ್ಲಿ ಇನ್ನೊಂದು ಮಾತಿದೆ. ಅದನ್ನು ಸಮಯ ಬಂದಾಗ ಬರೆಯುತ್ತೇನೆ. ಮಕ್ಕಳಿಗೆ ನನ್ನ ನೆನಪು ಹೇಳಿ. ಎರಡು ಸಾಲು ಬರೆದು ಹಾಕಲಿ.

ಗುನ್‌ವೋರ್


ಹಾವ್ನೊಯ್
ಅಕ್ಟೋಬರ್ 20

ಪ್ರಿಯ ಗುನ್‌ವೋರ್ ಅವರಿಗೆ,

ನಿಮ್ಮ ಕಾಗದವನ್ನು ಕೋಣೆಯ ಬಾಗಿಲಿಗೇ ಅಂಟಿಸಿಕೊಂಡು ಕೆಲಸ ಮಾಡಿದೆವು. ಈಗ ಎರಡು ಕೊಯ್ಲು ಆಗಿದೆ! ಮಕ್ಕಳು ಮನೆಯಿಂದ ತಂದ ಬ್ರೆಡ್ಡಿನ ಬುತ್ತಿಗೆ ತಾವೇ ಬೆಳೆದ ಲೆಟಿಸ್ ಎಲೆ ಇಟ್ಟುಕೊಂಡು ತಿನ್ನುತ್ತಾರೆ. ಸಿಹಿಯಾದ ಕಂದು ಚೀಸಿನ ಮೇಲೂ ಇಡುತ್ತಾರೆ. ನಾನು ನೋಡದ ಹಾಗೆ ಇರುತ್ತೇನೆ.

ಕೆಲವು ಬದಲಾವಣೆ ಮಾಡಿದ್ದೇವೆ, ನೀವು ಬೇಜಾರು ಮಾಡಿಕೊಳ್ಳಬಾರದು. ಗಿಡಗಳ ಮೇಲಿನ ನೇರಳೆ ದೀಪ ತೆಗೆದು ಬಿಳಿ ದೀಪ ಹಾಕಿದೆವು, ಮಕ್ಕಳಿಗೆ ಎಲೆಯ ನಿಜವಾದ ಬಣ್ಣ ಕಾಣಲಿ ಎಂದು. ಗೋಡೆಗೆ ಹಳದಿ ಬಳಿದೆವು. ಗಣಿತದ ಪಾಠವನ್ನೆಲ್ಲ ಅಲ್ಲೇ ಮಾಡುತ್ತಿದ್ದೇನೆ: ದಿನಕ್ಕೆ ಎಷ್ಟು ಮಿಲಿಮೀಟರ್ ಬೆಳೆಯಿತು, ಎಷ್ಟು ಲೀಟರ್ ಕುಡಿಯಿತು. ಭಾಗಾಕಾರ ಎಂದರೆ ಮೇಜಿನ ಕೆಳಗೆ ನುಸುಳುತ್ತಿದ್ದವರು ಈಗ ಊಟದ ಬಿಡುವಿನಲ್ಲೂ ಅಳೆಯುತ್ತಾರೆ. ಜಿಲ್ಲಾ ಪತ್ರಿಕೆಯವರು ದೋಣಿ ಹಿಡಿದು ಬಂದು ಫೋಟೋ ತೆಗೆದರು. ತುಣುಕನ್ನು ಇದರ ಜೊತೆ ಇಟ್ಟಿದ್ದೇನೆ.

ಚಳಿಗಾಲದ ನೀರಿನ ಬಗ್ಗೆ ಬರೆಯುತ್ತೇನೆ ಎಂದಿದ್ದಿರಿ. ಏನಾದರೂ ವಿಶೇಷ ಎಚ್ಚರಿಕೆ ಇದೆಯೇ? ಶಾಲೆಯ ದುರಸ್ತಿ ನೋಡಿಕೊಳ್ಳುವ ಆಸ್ಮಂಡ್‌ನನ್ನು ಕೇಳಿದರೆ, "ಆ ಟ್ಯಾಂಕು ಗುನ್‌ವೋರ್ ಖಾತೆ ಕಣಮ್ಮಾ, ನಾನ್ ಅದ್ರ ಹತ್ರಾನೂ ಹೋಗಿಲ್ಲ, ಬೈಸ್ಕೊಳ್ಳೋರ್ಯಾರು?" ಎನ್ನುತ್ತಾನೆ.

ಮಕ್ಕಳು ಚೆನ್ನಾಗಿದ್ದಾರೆ.

ನಿಮ್ಮ
ಮೈಕೆನ್


ಬರ್ಗನ್
ಅಕ್ಟೋಬರ್ 30

ಪ್ರಿಯ ಮೈಕೆನ್,

ಪತ್ರಿಕೆಯ ತುಣುಕು ತಲುಪಿತು. 'ಮೈಕೆನ್ ಅವರ ಹಸಿರು ಕೋಣೆ' ಎಂದು ಶೀರ್ಷಿಕೆ ಕೊಟ್ಟಿದ್ದಾರೆ. ಫೋಟೋದಲ್ಲಿ ನೀವು ಚೆನ್ನಾಗಿ ಬಂದಿದ್ದೀರಿ. ಹಿಂದೆ ನಮ್ಮ ಕೊಟ್ಟಿಗೆಯ ಸೂರಿನ ದೋಣಿಯೂ ಚೆನ್ನಾಗಿ ಬಂದಿದೆ. ನನ್ನ ಮಗಳು ನೋಡಿ, "ಅಮ್ಮಾ, ಇದು ನಿನ್ನ ಕೋಣೆ ಅಲ್ವಾ?" ಎಂದಳು. "ಆಗಿತ್ತು," ಎಂದೆ.

ಬೇಜಾರು ಏನಿಲ್ಲ. ಹಳದಿ ನನಗೆ ಹೊಳೆದಿರಲಿಲ್ಲ. ಐದು ವರ್ಷ ನಾವು ಬಣ್ಣವಿಲ್ಲದ ಗೋಡೆಯ ನಡುವೆ ಹೇಗೋ ಬೆಳೆದುಕೊಂಡೆವು. ದೀಪದ ವಿಷಯದಲ್ಲಿ ನನ್ನದೊಂದು ಅಭಿಪ್ರಾಯವಿತ್ತು, ಈಗ ಹೇಳಿ ಉಪಯೋಗವಿಲ್ಲ.

ತುಳಸಿ ಜಾತಿಯ ಆ ಗಿಡಕ್ಕೆ ತುದಿ ಚಿವುಟುತ್ತಿರಿ. ಪಂಪಿನ ಜಾಲರಿಯನ್ನು ವಾರಕ್ಕೊಮ್ಮೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ನೀರಿನ ಬಗ್ಗೆ ಕೇಳಿದ್ದೀರಿ. ಇಷ್ಟೆಲ್ಲ ತಾವೇ ಮಾಡಿಕೊಂಡವರಿಗೆ ನಾನು ಹೇಳುವುದು ಏನಿದೆ? ನೀರು ಯಾವ ಕಾಲದಲ್ಲೂ ನೀರೇ.

ಮಕ್ಕಳು ಎರಡು ಸಾಲು ಬರೆಯುತ್ತಾರೇನೋ ಎಂದು ನೋಡಿದೆ. ಅಳೆಯುವ ಕೆಲಸ ಹೆಚ್ಚಿರಬೇಕು.

ಗುನ್‌ವೋರ್


ಬರ್ಗನ್
ನವೆಂಬರ್ 24

ಪ್ರಿಯ ಮೈಕೆನ್,

ನಿಮ್ಮಿಂದ ಉತ್ತರವಿಲ್ಲ. ಅಂಚೆ ದೋಣಿ ಕೆಟ್ಟಿದೆ ಎಂದುಕೊಂಡಿದ್ದೆ. ವಿಚಾರಿಸಿದೆ, ಕೆಟ್ಟಿಲ್ಲವಂತೆ.

ಮುಖ್ಯೋಪಾಧ್ಯಾಯರು ಬರೆದಿದ್ದಾರೆ. ಬರುವ ವರ್ಷ ಮಕ್ಕಳು ಕಡಿಮೆ, ದೊಡ್ಡ ಮಕ್ಕಳ ತರಗತಿಗೆ ಒಬ್ಬರೇ ಶಿಕ್ಷಕಿ ಸಾಕು. ನನಗೆ ಅರವತ್ತೆರಡು ಆಯಿತಲ್ಲ, ವಿಶ್ರಾಂತಿ ಬೇಕೆನ್ನಿಸುತ್ತದೆಯೇ ಎಂದು ಬಹಳ ಮೆತ್ತಗೆ ಕೇಳಿದ್ದಾರೆ. ನೀವು ಉಳಿಯಲು ಅರ್ಜಿ ಹಾಕಿದ್ದೀರೆಂದೂ ತಿಳಿಸಿದ್ದಾರೆ. ನಿಮ್ಮ ಬಾಯಿಂದ ತಿಳಿದಿದ್ದರೆ ಚೆನ್ನಾಗಿತ್ತು.

ಇಲ್ಲಿ ದಿನವೆಲ್ಲ ಹಾಲು, ಬಟ್ಟೆ, ಹಾಲು. ಕೂಸುಗಳು ಮುದ್ದಾಗಿವೆ. ಆದರೂ ಬೆಳಿಗ್ಗೆ ಎಂಟೂವರೆಗೆ ಕೈ ಸುಮ್ಮನೆ ಜೇಬಿನಲ್ಲಿ ಆ ಕೋಣೆಯ ಬೀಗದಕೈ ಹುಡುಕುತ್ತದೆ.

ಮಕ್ಕಳಲ್ಲಿ ಯಾರಾದರೂ ನನ್ನನ್ನು ಕೇಳುತ್ತಾರೆಯೇ?

ಗುನ್‌ವೋರ್


ಹಾವ್ನೊಯ್
ಡಿಸೆಂಬರ್ 6

ಪ್ರಿಯ ಗುನ್‌ವೋರ್ ಅವರಿಗೆ,

ತಡವಾಗಿದ್ದಕ್ಕೆ ಕ್ಷಮಿಸಿ. ಅರ್ಜಿ ಹಾಕಿದ್ದು ನಿಜ. ನನಗೆ ಮೂವತ್ತೊಂದು ವರ್ಷ, ಇದು ನನ್ನ ಐದನೆಯ ಶಾಲೆ. ಎಲ್ಲ ಕಡೆಯೂ ಬೇರೆಯವರ ಜಾಗದಲ್ಲೇ ಕೂತಿದ್ದೇನೆ. ಒಮ್ಮೆ ನನ್ನದೇ ಒಂದು ಕುರ್ಚಿ ಇರಲಿ ಎನ್ನಿಸಿತು. ನಿಮಗೆ ಹೇಳಲು ಧೈರ್ಯ ಬರಲಿಲ್ಲ.

ಸೂರ್ಯನ ದಿನಕ್ಕೆ ಎಂಬತ್ತು ಲೆಟಿಸ್ ಬಿತ್ತಿದ್ದೇವೆ. ಈ ಉತ್ತರದ ತುದಿಯಲ್ಲಿ ಎರಡು ತಿಂಗಳ ಕತ್ತಲು ಮುಗಿದು ಜನವರಿ 29ಕ್ಕೆ ಗುಡ್ಡದ ಸಂದಿನಲ್ಲಿ ಸೂರ್ಯ ಇಣುಕಿದಾಗ ಇಡೀ ದ್ವೀಪ ಶಾಲೆಯ ಅಂಗಳಕ್ಕೆ ಬರುತ್ತದಲ್ಲ, ಈ ಸಲ ಸಿಹಿ ಬನ್ನಿನ ಜೊತೆ ಮನೆಗೊಂದು ಇಡೀ ಗಿಡ ಕೊಡಬೇಕೆಂದು ಮಕ್ಕಳ ಹಟ. ಗೊಬ್ಬರ ಅಳೆಯುವುದು ಟಿರಿಲ್. ನೀವು ಹೇಳಿದ್ದು ಸರಿ, ಅವಳು ಹಾಗೆಯೇ.

ಮಕ್ಕಳಿಗೆ ಕೈತುಂಬ ಕೆಲಸ. ಆರಾಮವಾಗಿದ್ದಾರೆ.

ಕ್ರಿಸ್‌ಮಸ್ ಶುಭಾಶಯಗಳು.
ಮೈಕೆನ್


ಹಾವ್ನೊಯ್
ಜನವರಿ 17

ಪ್ರಿಯ ಗುನ್‌ವೋರ್ ಅವರಿಗೆ,

ಎಲ್ಲವೂ ಸತ್ತಿದೆ.

ಹೋದ ಶನಿವಾರ, ಭಾನುವಾರ ದೊಡ್ಡ ಬಿರುಗಾಳಿ ಬಂದಿತ್ತು. ಸೋಮವಾರ ತೊಟ್ಟಿಗಳಿಗೆ ಹೊಸ ನೀರು ತುಂಬಿ ಗೊಬ್ಬರ ಸೇರಿಸಿದೆವು. ಬುಧವಾರ ಎಲೆಯಂಚು ಸುಟ್ಟ ಹಾಗೆ ಕಂದಾಯಿತು. ಮೀಟರ್ ಇಟ್ಟು ನೋಡಿದರೆ ಆರು! ನಾಲ್ಕು ಪಟ್ಟು! ಗೊಬ್ಬರ ಜಾಸ್ತಿಯಾಗಿದೆ ಎಂದು ಟ್ಯಾಂಕಿನಿಂದ ಇನ್ನಷ್ಟು ನೀರು ಸುರಿದೆವು. ಎಷ್ಟು ಸುರಿದರೂ ಅಂಕಿ ಇಳಿಯಲೊಲ್ಲದು. ಇವತ್ತು ಎಂಬತ್ತು ಗಿಡಗಳೂ ಬೇಯಿಸಿದ ಸೊಪ್ಪಿನ ಹಾಗೆ ತಲೆ ಬಾಗಿ ಮಲಗಿವೆ. ಪುಟ್ಟ ಹುಡುಗರು ಅತ್ತರು.

ಗೊಬ್ಬರ ಅಳೆದವಳು ಟಿರಿಲ್. ಮಕ್ಕಳೆಲ್ಲ ಅವಳ ಮೇಲೆ ಬಿದ್ದರು. "ಎರಡ್ ಸಲ ಸುರಿದ್ಬಿಟ್ಟಿದೀಯ, ಒಪ್ಕೊಳ್ಳೇ!" "ಮಾತಾಡೇ, ಮೂಗಿ!" ಅವಳು, "ನಾನು ಸರಿಯಾಗೇ ಅಳ್ದಿದೀನಿ," ಎಂದು ಒಂದೇ ಸಲ ಹೇಳಿದಳು. ಎರಡು ದಿನದಿಂದ ಬುತ್ತಿಯನ್ನು ಶೂ ಬಿಡುವ ಜಾಗದಲ್ಲಿ ಒಬ್ಬಳೇ ಕೂತು ತಿನ್ನುತ್ತಿದ್ದಾಳೆ. ಇವತ್ತು ಶಾಲೆಗೇ ಬಂದಿಲ್ಲ.

ನನ್ನ ಕೈಯಲ್ಲಿ ಒಂದು ಕೋಣೆ ಕೊಟ್ಟಿದ್ದಿರಿ. ಏನು ತಪ್ಪಾಯಿತೋ ನನಗೆ ಗೊತ್ತಾಗುತ್ತಿಲ್ಲ.

ಮೈಕೆನ್


ಬರ್ಗನ್
ಜನವರಿ 21

ಮೈಕೆನ್,

ಟಿರಿಲ್ ಸರಿಯಾಗಿಯೇ ಅಳೆದಿದ್ದಾಳೆ. ಇದನ್ನು ಮೊದಲು ಓದು, ಉಳಿದದ್ದು ಆಮೇಲೆ.

ನೈಋತ್ಯದಿಂದ ಗಾಳಿ ಬೀಸಿದರೆ ಸಮುದ್ರವೇ ಎದ್ದು ಶಾಲೆಯ ಛಾವಣಿಯ ಮೇಲೆ ಬೀಳುತ್ತದೆ. ಆ ಉಪ್ಪುನೀರೆಲ್ಲ ಕೊಳವೆಯಲ್ಲಿ ಇಳಿದು ನೇರ ಟ್ಯಾಂಕಿಗೆ ಹೋಗುತ್ತದೆ. ಗಾಳಿ ಏಳುವ ಮೊದಲೇ ಕೊಳವೆಯ ಬುಡದ ನಲ್ಲಿ ಮುಚ್ಚಬೇಕು. ಆಮೇಲೆ ಒಳ್ಳೆಯ ಮಳೆ ಒಂದು ದಿನ ಛಾವಣಿ ತೊಳೆದ ಮೇಲೆ ತೆರೆಯಬೇಕು. ಮೀಟರಿಗೆ ಗೊಬ್ಬರವೂ ಒಂದೇ, ಉಪ್ಪೂ ಒಂದೇ, ಅದು ಬರೀ ಅಂಕಿ ತೋರಿಸುತ್ತದೆ. ನೀನು ತೆಳುವಾಗಲೆಂದು ಸುರಿದದ್ದು ಸಮುದ್ರವನ್ನು. ಒಂದು ಹನಿ ನಾಲಿಗೆಗೆ ಇಟ್ಟು ನೋಡಿದ್ದರೆ ತಿಳಿಯುತ್ತಿತ್ತು, ಆದರೆ ಗೊಬ್ಬರದ ನೀರನ್ನು ಬಾಯಿಗೆ ಹಾಕಬಾರದೆಂದು ಮಕ್ಕಳಿಗೆ ಕಲಿಸಿದವಳೂ ನಾನೇ.

ಇದು ನನಗೆ ಗೊತ್ತಿತ್ತು. ಸೆಪ್ಟೆಂಬರಿನಲ್ಲಿ ಬರೆಯುತ್ತೇನೆ ಎಂದೆ. ಅಕ್ಟೋಬರಿನಲ್ಲಿ ನೀನು ಕೇಳಿದೆ. ಆಗ ಮೇಜಿನ ಮೇಲೆ ನಿನ್ನ ಫೋಟೋ ಇತ್ತು, ಮಕ್ಕಳೆಲ್ಲ ನಿನ್ನ ಕಡೆ ತಿರುಗಿ ನಗುತ್ತಿದ್ದರು, ಟಿರಿಲ್ ಕೂಡ. ಆ ಹುಡುಗಿ ಕ್ಯಾಮರಾ ಮುಂದೆ ನಕ್ಕದ್ದು ನನ್ನ ಕಾಲದಲ್ಲಿ ಒಂದು ಸಲವೂ ಇಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಸಣ್ಣದಲ್ಲ, ಊಟ ಸೇರದಷ್ಟು. ಹನ್ನೊಂದು ಮಕ್ಕಳಲ್ಲಿ ಒಬ್ಬರೂ ನನಗೆ ಒಂದು ಸಾಲು ಬರೆಯಲಿಲ್ಲ. ಸರಿ, ಒಂದು ಸಲ ಇವಳೂ ಕೆಡಿಸಿಕೊಳ್ಳಲಿ, ಆಗ ಎಲ್ಲರಿಗೂ ನನ್ನ ನೆನಪಾಗುತ್ತದೆ ಎಂದು ಲೆಕ್ಕ ಹಾಕಿದೆ. ನೀರು ನೀರೇ ಎಂದು ಬರೆದು ಲಕೋಟೆಗೆ ಅಂಟು ಹಚ್ಚಿದೆ.

ಇನ್ನೂ ಇದೆ. ಗಾಳಿ ಏಳುವ ಹಿಂದಿನ ದಿನ, ಶುಕ್ರವಾರ, ಹವಾಮಾನ ಸುದ್ದಿಯಲ್ಲಿ ಬಿರುಗಾಳಿಯ ಹೆಸರು ಹೇಳಿದರು, ದಿಕ್ಕೂ ಹೇಳಿದರು. ಫೋನ್ ಕೈಯಲ್ಲೇ ಇತ್ತು. ಅದನ್ನು ಕೆಳಗಿಟ್ಟು ಹೋಗಿ ದೋಸೆಯಂಥ ವಾಫಲ್ ಹುಯ್ದೆ. ಚೆನ್ನಾಗಿಯೂ ಬಂದಿತ್ತು. ಅವತ್ತು ನನ್ನ ಕಣ್ಣಿಗೆ ಬಿದ್ದದ್ದು ನಿನ್ನ ಮುಖ ಮಾತ್ರ, ಟಿರಿಲ್ ಹೆಸರು ಅಲ್ಲಿ ಬರಬಹುದು ಎಂದು ಹೊಳೆಯಲೇ ಇಲ್ಲ.

ಈ ಕಾಗದವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದು, ಒಂದು ಸಾಲೂ ಬಿಡಬೇಡ. ಮೊದಲು ಟಿರಿಲ್ ಮನೆಗೆ ಹೋಗಿ ಅವಳಿಗೆ ಓದು. ಮುಖ್ಯೋಪಾಧ್ಯಾಯರಿಗೆ ನಾನು ಬರೆದಾಯಿತು: ನಾನು ಇನ್ನು ಬರುವುದಿಲ್ಲ, ಕೆಲಸ ನಿನಗೇ ಇರಲಿ.

ಗುನ್‌ವೋರ್


ಹಾವ್ನೊಯ್
ಜನವರಿ 30

ಪ್ರಿಯ ಗುನ್‌ವೋರ್ ಅವರಿಗೆ,

ನಿಮ್ಮ ಕಾಗದ ಶುಕ್ರವಾರ ಬಂತು. ನಾನು ಅದನ್ನು ಓದಿ ಹೇಳಿದ್ದು ಸೋಮವಾರ. ನಡುವಿನ ಮೂರು ದಿನ ಏನು ಮಾಡಿದೆ ಎಂದು ನಿಮಗೆ ಹೇಳಲೇಬೇಕು.

ಖುಷಿಪಟ್ಟೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಕುಣಿಯುವಷ್ಟು ಖುಷಿ. ದೇವತೆ ಗುನ್‌ವೋರ್ ಕೊನೆಗೂ ಪೀಠದಿಂದ ಇಳಿದರು! ನಿಮಗೆ ಗೊತ್ತಿಲ್ಲ, ಈ ಐದು ತಿಂಗಳು ನಾನು ಕೇಳಿಸಿಕೊಂಡದ್ದು ಒಂದೇ ಹೆಸರು. "ಗುನ್‌ವೋರ್ ಹಿಂಗ್ ಮಾಡ್ತಿರ್ಲಿಲ್ಲ." "ಗುನ್‌ವೋರ್ ಆಗಿದ್ರೆ ಹಾಡ್ ಹೇಳ್ಕೊಂಡೇ ಬೀಜ ಹಾಕೋರು." "ನೀನು ಯಾವಾಗ ಹೋಗ್ತೀಯ, ಗುನ್‌ವೋರ್ ಯಾವಾಗ ಬರ್ತಾರೆ?" ಇದನ್ನು ಈ ಮಕ್ಕಳ ಆರು ವರ್ಷದ ತಮ್ಮಂದಿರೂ ಬಂದು ಕೇಳುತ್ತಿದ್ದರು. ಹಳದಿ ಬಣ್ಣ ಯಾಕೆ ಬಳಿದೆ ಎಂದುಕೊಂಡಿರಿ? ಎಲ್ಲಿ ನೋಡಿದರೂ ನೀವೇ ಕಾಣುತ್ತಿದ್ದಿರಿ.

ಮಕ್ಕಳು ನಿಮಗೆ ಬರೆದಿದ್ದರು. ಸೆಪ್ಟೆಂಬರಿನಲ್ಲೇ, ಹನ್ನೊಂದು ಜನವೂ. ಟಿರಿಲ್ ನಾಲ್ಕು ಪುಟ ಬರೆದಿದ್ದಳು, ನನ್ನ ಜೊತೆ ನಾಲ್ಕು ವಾಕ್ಯ ಆಡದವಳು. ಅಂಚೆಗೆ ಹಾಕುತ್ತೇನೆ ಎಂದು ಇಸಿದುಕೊಂಡು ನನ್ನ ಮೇಜಿನ ಖಾನೆಯಲ್ಲಿ ಇಟ್ಟೆ. ಇವತ್ತು ಹಾಕೋಣ, ನಾಳೆ ಹಾಕೋಣ ಎಂದು ಹಾಕಲೇ ಇಲ್ಲ. ಈ ಲಕೋಟೆ ದಪ್ಪವಾಗಿರುವುದು ಅದಕ್ಕೇ. ಅವೆಲ್ಲ ಇದರಲ್ಲಿವೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದು. ಬಿರುಗಾಳಿಗೆ ಮುಂಚಿನ ಶುಕ್ರವಾರ ಶಾಲೆ ಬಿಟ್ಟ ಮೇಲೆ ಟಿರಿಲ್ ಕೋಟು ಹಾಕಿಕೊಂಡು ನನ್ನ ಬಾಗಿಲಲ್ಲಿ ನಿಂತಳು. "ನೈಋತ್ಯದ್ ಗಾಳಿ ಬರ್ತಿದೆ. ಗುನ್‌ವೋರ್ ಇದ್ದಿದ್ರೆ ಆ ನಲ್ಲಿ ಮುಚ್ಚೋರು," ಎಂದಳು. ಅವಳು ಆ ಹೆಸರು ಎತ್ತದೆ ಬರೀ ಗಾಳಿ, ನಲ್ಲಿ ಎಂದಿದ್ದರೆ ನಾನು ಕೇಳುತ್ತಿದ್ದೆನೋ ಏನೋ. "ಗುನ್‌ವೋರ್ ಇಲ್ಲಿಲ್ಲಮ್ಮಾ, ನಾನಿದೀನಿ. ಬೇಕಾಗಿದ್ರೆ ಅವ್ರು ನಂಗೆ ಬರೀತಿದ್ರು. ಮನೆಗ್ ಹೋಗು," ಎಂದೆ. ಅವಳು ಹೋದಳು. ಬುಧವಾರ ಮಕ್ಕಳು ಅವಳ ಮೇಲೆ ಬಿದ್ದಾಗ ನನಗೆ ಇದು ನೆನಪಿತ್ತು. ನಿಮಗೆ ಬರೆದ ಕಾಗದದಲ್ಲಿ ಗೊತ್ತಾಗುತ್ತಿಲ್ಲ ಎಂದದ್ದು ಸುಳ್ಳು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಏನಾದರೂ ಹೇಳುತ್ತೇನೆಂದು. ನಾನು ಮೀಟರ್ ಒರೆಸುತ್ತಾ ನಿಂತೆ.

ಆಮೇಲೆ ನಿಮ್ಮ ಕಾಗದ ಬಂತು, ತಪ್ಪನ್ನೆಲ್ಲ ನೀವೇ ಹೊತ್ತುಕೊಂಡಿದ್ದಿರಿ. ಓದಿಬಿಟ್ಟರೆ ನಾನು ಬಚಾವು. ಟಿರಿಲ್ ಬಾಯಿ ಬಿಡುವವಳಲ್ಲ, ಅದೂ ಗೊತ್ತಿತ್ತು. ಭಾನುವಾರ ಅವಳ ಮನೆಗೆ ಹೋಗಿ ನಿಮ್ಮ ಕಾಗದ ಓದಿದೆ. ಅವಳು ಕಣ್ಣೊರೆಸಿಕೊಂಡು, "ಗುನ್‌ವೋರ್ ಒಬ್ರೇನಾ?" ಎಂದು ಕೇಳಿದಳು. ಅಷ್ಟೇ ಕೇಳಿದ್ದು. ನಾನು ಕಾಗದ ಮಡಚಿಕೊಂಡು ಹೊರಟು ಬಂದೆ.

ಸೋಮವಾರ ತರಗತಿಯಲ್ಲಿ ನಿಮ್ಮ ಕಾಗದವನ್ನು ಒಂದು ಸಾಲೂ ಬಿಡದೆ ಓದಿದೆ, ಆಮೇಲೆ ನಾನು ಮಾಡಿದ್ದನ್ನೂ ಎಲ್ಲ ಹೇಳಿದೆ. ಯಾರೂ ಅಳಲಿಲ್ಲ, ಬೈಯಲೂ ಇಲ್ಲ. ಒಬ್ಬ ಹುಡುಗ ಮಾತ್ರ, "ಇಷ್ಟ್ ದೊಡ್ಡೋರಾಗಿ!" ಎಂದ. ನಾನೂ ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ನಿನ್ನೆ ಸೂರ್ಯ ಬಂದ, ನಾಲ್ಕು ನಿಮಿಷ ಇದ್ದ. ಬರೀ ಬನ್ನು ಕೊಟ್ಟೆವು.

ಟಿರಿಲ್ ಇವತ್ತು ಬರೆದ ಹೊಸ ಕಾಗದವೂ ಈ ಲಕೋಟೆಯಲ್ಲೇ ಇದೆ. ನಾನು ಓದಿಲ್ಲ, ಅವಳು ಅಂಟು ಹಚ್ಚಿಯೇ ಕೊಟ್ಟಳು.

ಮೈಕೆನ್


ಹಾವ್ನೊಯ್
ಜನವರಿ 30

ಗುನ್‌ವೋರ್‌ಗೆ,

ಇದನ್ನು ಎರಡು ಪ್ರತಿ ಬರೆದಿದ್ದೇನೆ. ಒಂದು ನಿಮಗೆ, ಇನ್ನೊಂದನ್ನು ಮೈಕೆನ್ ಮೇಜಿನ ಮೇಲೆ ಇಡುತ್ತೇನೆ.

ನೀವು ಬರುವುದಿಲ್ಲ ಎಂದು ಬರೆದಿದ್ದೀರಿ. ಮೈಕೆನ್ ಹೋಗುತ್ತೇನೆ ಎನ್ನುತ್ತಾಳೆ. ನೀವಿಬ್ಬರೂ ಹೋದರೆ ನಮಗೆ ಏನು ಲಾಭ ಎಂದು ನಾವು ಹನ್ನೊಂದು ಜನ ಕೂತು ಮಾತಾಡಿದೆವು. ಏನೂ ಇಲ್ಲ. ನಾವು ಏನಾದರೂ ಚೆಲ್ಲಿದರೆ ನಾವೇ ಒರೆಸಬೇಕು, ಹೋಗಿ ಮೂಲೆಯಲ್ಲಿ ಅಳುತ್ತಾ ಕೂತರೆ ನೀವು ಬಿಡುತ್ತಿರಲಿಲ್ಲ. ಮೈಕೆನ್ ಕೂಡ ಬಿಡುವುದಿಲ್ಲ.

ನನಗೆ ಇನ್ನೂ ಸಿಟ್ಟಿದೆ. ನಿಮ್ಮ ಮೇಲೆ ಜಾಸ್ತಿ. ನಾಲ್ಕು ಪುಟ ಬರೆದಿದ್ದೆ, ಉತ್ತರ ಬರಲಿಲ್ಲ, ನೀವು ನನ್ನನ್ನು ಮರೆತಿರಿ ಎಂದುಕೊಂಡಿದ್ದೆ. ಆಗ ನಾನು ಯಾವ ಗಿಡವನ್ನೂ ಕೊಲ್ಲಲಿಲ್ಲ.

ನಾವು ಮತ್ತೆ ನಲವತ್ತು ಬಿತ್ತಿದ್ದೇವೆ. ಸಮುದ್ರದ ಹನಿ ಹಾರಿ ಬರದ, ಶಾಲೆಯ ಹಿಂದಿನ ಗುಡ್ಡದ ಕಡೆಯ ಹಿಮವನ್ನು ಬಕೆಟ್ಟಿನಲ್ಲಿ ತಂದು ಕರಗಿಸಿ ಹಾಕುತ್ತೇವೆ. ಕೋಣೆಯ ಬೀಗದಕೈ ವಾರಕ್ಕೊಬ್ಬರ ಹತ್ತಿರ ಇರುತ್ತದೆ. ದೊಡ್ಡವರ ಹತ್ತಿರ ಇರುವುದಿಲ್ಲ. ಅಳೆಯುವುದು ನಾನೇ, ಎಲ್ಲರೂ ಕೈ ಎತ್ತಿದರು, ನನ್ನ ಮೇಲೆ ಕಿರುಚಿದವರೂ ಎತ್ತಿದರು.

ಟ್ಯಾಂಕಿನಲ್ಲಿ ಉಪ್ಪು ಹಾಗೆಯೇ ಇದೆ. ಆಸ್ಮಂಡ್ ತೊಳೆಯುತ್ತೇನೆ ಅಂದ, ನಾವು ಬೇಡ ಅಂದೆವು. ಚಳಿಗಾಲದ ರಜೆಗೆ ಬನ್ನಿ, ರಬ್ಬರ್ ಬೂಟು ತನ್ನಿ, ಕೂಸುಗಳನ್ನೂ ಬೇಕಾದರೆ ತನ್ನಿ, ಅವನ್ನು ನಾವು ನೋಡಿಕೊಳ್ಳುತ್ತೇವೆ. ಮುಚ್ಚಳ ತೆಗೆದು ಒಳಗೆ ಇಳಿದು ಉಜ್ಜಬೇಕು. ಒಬ್ಬರು ಉಜ್ಜಿದರೆ ಇನ್ನೊಬ್ಬರು ದೀಪ ಹಿಡಿಯಬೇಕು. ಮೈಕೆನ್ ಹೋಗುವುದಾದರೆ ಅದು ಆದ ಮೇಲೆ ಹೋಗಲಿ.

ಒಳಗೆ ಇಬ್ಬರು ದೊಡ್ಡವರು ಹಿಡಿಸುತ್ತೀರಿ, ಸ್ವಲ್ಪ ಇಕ್ಕಟ್ಟಾಗುತ್ತದೆ ಅಷ್ಟೆ. ನಾನು ಅಳೆದು ನೋಡಿದ್ದೇನೆ. ಈ ಸಲ ನನ್ನ ಅಳತೆಯನ್ನು ನಂಬಿ.

ಟಿರಿಲ್